ಮೂರು ರೂಪಾಯಿ ಸಂಬಳದ ಮೈದಾನದಾಳು: ಪಾಲ್ವಂಕರ್ ಬಾಲೂ

ಧಾರವಾಡ ಎಂದ ಕೂಡಲೇ ನಮಗೆ ಪೇಡೆ, ಸಂಗೀತ ಮತ್ತು ಸಾಹಿತಿಗಳು ನೆನಪಾಗುತ್ತಾರೆ. ಭಾರತದ ಮೊದಲ ಮಹಾನ್ ಬೌಲರ್ ಹುಟ್ಟಿದ್ದೂ ಅದೇ ಧಾರವಾಡದಲ್ಲಿ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕ್ರಿಕೆಟ್ ಎಂದರೆ ಪ್ರಾಣ ಬಿಡುವ ನಮ್ಮ ವಿದ್ಯಾರ್ಥಿಗಳೂ ಈ ಹೆಸರನ್ನು ಕೇಳಿರಲಿಕ್ಕಿಲ್ಲ. ಇಂದಿನ ಆಟಗಾರರ ರನ್ನು, ವಿಕೆಟ್ಟು, ಅವರು ಓಡಿಸುವ ಕಾರಿನ ಬೆಲೆ ಎಲ್ಲವೂ ಇವರ ಬಾಯಲ್ಲಿರುತ್ತದೆ. ಆದರೆ ನೂರು ವರ್ಷಗಳ ಹಿಂದೆ, ಮೈದಾನ ಗುಡಿಸುವ ಕೆಲಸದಿಂದ ಆರಂಭಿಸಿ ಲಾರ್ಡ್ಸ್ ಮೈದಾನದವರೆಗೆ ಹೋದ ಪಾಲ್ವಂಕರ್ ಬಾಲೂ ಅವರ ಬದುಕು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ಬರೆಯುತ್ತಿದ್ದೇನೆ.

ಬಾಲೂ ಅವರು ಜನಿಸಿದ್ದು 1876ರಲ್ಲಿ. ಅವರ ಪೂರ್ವಜರು ಕೊಂಕಣ ತೀರದ ಪಾಲ್ವಣ್ ಎಂಬ ಊರಿನವರಾದ್ದರಿಂದ ಮನೆತನಕ್ಕೆ ಪಾಲ್ವಂಕರ್ ಎಂಬ ಹೆಸರು ಬಂದಿತು. ಚರ್ಮದ ಕೆಲಸ ಮಾಡುವ ಸಮುದಾಯ. ಅಂದಿನ ಸಮಾಜ ಅವರನ್ನು ಅಸ್ಪೃಶ್ಯರೆಂದು ಊರ ಹೊರಗೆ ಇಟ್ಟಿತ್ತು. ತಂದೆಗೆ ಸೈನ್ಯಕ್ಕೆ ಸೇರಿದ ಕೆಲಸ ಸಿಕ್ಕಿದ್ದರಿಂದ ಕುಟುಂಬವು ಪುಣೆಗೆ ಬಂದು ನೆಲೆಸಿತು. ಆ ಕಾಲದಲ್ಲಿ ಇಂತಹ ಮನೆಯ ಮಕ್ಕಳಿಗೆ ಸೈನ್ಯದ ದಂಡು ಪ್ರದೇಶ ಒಂದು ಕಿಟಕಿಯಿದ್ದಂತೆ. ಅಲ್ಲಿ ಶಾಲೆಯ ವಾಸನೆಯಾದರೂ ಸಿಗುತ್ತಿತ್ತು, ಬಿಳಿಯ ಅಧಿಕಾರಿಗಳು ಆಡುವ ಆಟವನ್ನು ಬೇಲಿಯ ಹೊರಗೆ ನಿಂತು ನೋಡಬಹುದಿತ್ತು. ಬಾಲೂ ಮತ್ತು ಅವರ ತಮ್ಮ ಶಿವರಾಮ್ ಅಧಿಕಾರಿಗಳು ಬಿಸಾಡಿದ ಹಳೆಯ ಬ್ಯಾಟು, ಸವೆದ ಚೆಂಡುಗಳನ್ನು ಆರಿಸಿ ತಂದು ಆಡಲು ಕಲಿತರು.

ಬಡತನದಿಂದಾಗಿ ಓದು ಮುಂದುವರಿಯಲಿಲ್ಲ. ಬಾಲೂ ಅವರಿಗೆ ಮೊದಲು ಸಿಕ್ಕ ಕೆಲಸವೆಂದರೆ ಪುಣೆಯ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಸದಸ್ಯರಿಗೆ ಬ್ಯಾಟಿಂಗ್ ಅಭ್ಯಾಸ ಬೇಕೆನಿಸಿದಾಗ ಈ ಹುಡುಗನ ಕೈಗೆ ಚೆಂಡು ಕೊಟ್ಟು ಎಸೆಯಲು ಹೇಳುತ್ತಿದ್ದರು. ಸುಮಾರು 1892ರಲ್ಲಿ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ ನಾಲ್ಕು ಪಟ್ಟು, ಅಂದರೆ 12 ರೂಪಾಯಿ. ಕೆಲಸವೂ ಅಷ್ಟೇ ಹೆಚ್ಚು. ಪಿಚ್ ಉರುಳಿಸಬೇಕು, ಸುಣ್ಣದ ಗೆರೆ ಹಾಕಬೇಕು, ನೆಟ್ ಕಟ್ಟಬೇಕು, ಬೇಕಾದಾಗ ಟೆನಿಸ್ ಅಂಕಣವನ್ನೂ ನೋಡಿಕೊಳ್ಳಬೇಕು. ಇವೆಲ್ಲ ಮುಗಿದ ಮೇಲೆ ಸಾಹೇಬರುಗಳಿಗೆ ಬೌಲಿಂಗ್ ಮಾಡಬೇಕು.

ಬಾಲೂ ಅವರದು ಎಡಗೈ ನಿಧಾನಗತಿಯ ಸ್ಪಿನ್. ಆ ಕ್ಲಬ್ಬಿನಲ್ಲಿ ಜೆ. ಜಿ. ಗ್ರೆಗ್ ಎಂಬ ಸೈನ್ಯಾಧಿಕಾರಿಯಿದ್ದರು. ಆಗ ಭಾರತದಲ್ಲಿದ್ದ ಆಂಗ್ಲ ಬ್ಯಾಟ್ಸ್‌ಮನ್‌ಗಳಲ್ಲಿ ಅವರೇ ಶ್ರೇಷ್ಠರು ಎಂದು ಹೆಸರಾಗಿದ್ದವರು. ಗ್ರೆಗ್ ಬೇರೆಯವರಿಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಒಮ್ಮೆ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. ಲೆಕ್ಕ ಹಾಕಿ ನೋಡಿ ಮಕ್ಕಳೇ: 24 ಬಾರಿ ಔಟ್ ಮಾಡಿದರೆ ಒಂದು ತಿಂಗಳ ಸಂಬಳ ಕೈಸೇರುತ್ತದೆ! ಕಥೆ ಎಷ್ಟು ನಿಜವೋ ಏನೋ, ಆದರೆ ಪ್ರತಿದಿನ ಒಬ್ಬ ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಎಸೆದೇ ಬಾಲೂ ಬೌಲರ್ ಆದರು ಎಂಬುದರಲ್ಲಿ ಸಂಶಯವಿಲ್ಲ. ಅವರಿಗೆ ಬೇರೆ ಕೋಚ್ ಇರಲಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಷ್ಟು ವರ್ಷ ಆ ಕ್ಲಬ್ಬಿನಲ್ಲಿ ಎಸೆದ ಬಾಲೂ ಅವರಿಗೆ ಒಂದು ದಿನವೂ ಬ್ಯಾಟ್ ಹಿಡಿಯಲು ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಸ್ವತ್ತು, ಎಸೆಯುವುದು ಆಳಿನ ಕೆಲಸ. ಗ್ರೆಗ್ ಅವರ ಉಪಕಾರವನ್ನು ಹೇಳುವವರು ಇದನ್ನೂ ಸೇರಿಸಿ ಹೇಳಬೇಕು ಎಂದು ನನ್ನ ಅನಿಸಿಕೆ.

ಬಾಲೂ ಅವರ ಕೈಚಳಕದ ಸುದ್ದಿ ಪುಣೆಯ ಹಿಂದೂ ಕ್ಲಬ್ಬಿನವರಿಗೂ ಮುಟ್ಟಿತು. ಅವರಿಗೆ ಯುರೋಪಿಯನ್ನರನ್ನು ಸೋಲಿಸಬೇಕಾಗಿತ್ತು. ಅದಕ್ಕೆ ಬೌಲರ್ ಬೇಕಿತ್ತು, ಬೌಲರ್ ಊರಲ್ಲೇ ಇದ್ದ, ಆದರೆ ಅವನ ಜಾತಿ ಬೇಡವಾಗಿತ್ತು. ಕ್ಲಬ್ಬಿನಲ್ಲಿ ದೊಡ್ಡ ವಾದವೇ ನಡೆಯಿತು. ತೆಲುಗು ಸದಸ್ಯರು ಬಾಲೂ ಪರವಾಗಿ ನಿಂತರು, ಅಲ್ಲಿಯ ಮೇಲುಜಾತಿಯ ಸದಸ್ಯರಲ್ಲಿ ಹಲವರು ವಿರೋಧಿಸಿದರು. ಆಗ ಗ್ರೆಗ್ ಅವರು, ಇಂತಹ ಬೌಲರನ್ನು ಬಿಟ್ಟರೆ ಹಿಂದೂಗಳೇ ಮೂರ್ಖರಾಗುತ್ತಾರೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಹೇಳಿದರು. ಕೊನೆಗೆ ಬಾಲೂ ತಂಡಕ್ಕೆ ಬಂದರು.

ಆದರೆ ಹೇಗೆ ಬಂದರು? ಮೈದಾನದ ಒಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾ ವಿರಾಮವಾದ ಕೂಡಲೇ ಉಳಿದವರು ಪೆವಿಲಿಯನ್ ಒಳಗೆ ಹೋಗಿ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದರು. ಬಾಲೂ ಅವರಿಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಮುಖ ತೊಳೆಯಬೇಕಾದರೆ ಅವರದೇ ಸಮುದಾಯದ ಒಬ್ಬ ಆಳು ಮೈದಾನದ ಮೂಲೆಗೆ ನೀರು ತಂದು ಎತ್ತಿ ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ನಮ್ಮ ಮಲೆನಾಡಿನ ಹಿರಿಯರನ್ನು ಕೇಳಿದರೆ ಇದು ಪುಣೆಯ ಕಥೆ ಮಾತ್ರವಲ್ಲ ಎಂದು ತಿಳಿಯುತ್ತದೆ. ತೋಟದ ಕೆಲಸಗಾರರಿಗೆ ತೆಂಗಿನ ಗೆರಟೆಯಲ್ಲಿ ಕಾಫಿ ಹೊಯ್ದು ಕೊಡುತ್ತಿದ್ದ ದಿನಗಳನ್ನು ನೋಡಿದವರು ಈ ಕಾಫಿಸೀಮೆಯಲ್ಲಿಯೂ ಇದ್ದಾರೆ. ಕಾಫಿ ಹಣ್ಣನ್ನು ಬಿಡಿಸಿದ ಕೈ, ಬೇಳೆಯನ್ನು ಕಣದಲ್ಲಿ ಹರಡಿ ಒಣಗಿಸಿದ ಕೈ ಯಾರದು ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಲೋಟದ ವಿಷಯ ಬಂದಾಗ ಮಾತ್ರ ಕೇಳುತ್ತಿದ್ದರು. ಬಾಲೂ ಅವರ ಚೆಂಡು ಮತ್ತು ಬಾಲೂ ಅವರ ಕುಡಿಕೆಯ ನಡುವೆ ಇದ್ದದ್ದು ಇದೇ ವ್ಯತ್ಯಾಸ.

ಬಾಲೂ ಇದಕ್ಕೆ ಜಗಳವಾಡಿದರೆಂದು ತಿಳಿದುಬರುವುದಿಲ್ಲ. ವಿಕೆಟ್ ತೆಗೆಯುತ್ತ ಹೋದರು. ಒಮ್ಮೆ ಸಾತಾರಾದಲ್ಲಿ ಅಲ್ಲಿಯ ಬಿಳಿಯರ ಜಿಮ್ಖಾನದ ವಿರುದ್ಧ ಪಂದ್ಯ ಏರ್ಪಟ್ಟಿತು. ಬಾಲೂ ಅವರ ಸ್ಪಿನ್ ತಿರುಗಬಾರದೆಂದು ಆತಿಥೇಯರು ವಾರಗಟ್ಟಲೆ ಪಿಚ್ ಉರುಳಿಸಿ ಗಟ್ಟಿ ಮಾಡಿಟ್ಟಿದ್ದರಂತೆ. ಪಿಚ್ ಉರುಳಿಸುವ ಕೆಲಸವನ್ನೇ ಹೊಟ್ಟೆಪಾಡಾಗಿ ಮಾಡಿದವನಿಗೆ ಪಿಚ್ಚಿನ ಗುಟ್ಟು ಗೊತ್ತಿರುವುದಿಲ್ಲವೇ? ಅಲ್ಲಿಯೂ ಅವರು 7 ವಿಕೆಟ್ ಪಡೆದರು, ಪುಣೆಯವರು ಸುಲಭವಾಗಿ ಗೆದ್ದರು. ಹಿಂತಿರುಗಿದ ಮೇಲೆ ನಡೆದ ಸಮಾರಂಭದಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಬಾಲೂ ಅವರನ್ನು ಹೊಗಳಿ, ಜೊತೆಯಲ್ಲಿ ಆಡಲು ಬರುವವನ ಜೊತೆ ಉಣ್ಣಲು ಏಕೆ ಆಗುವುದಿಲ್ಲ ಎಂದು ಆಟಗಾರರನ್ನು ವಿಚಾರಿಸಿದರು. ಮುಂದೆ ಲೋಕಮಾನ್ಯ ತಿಲಕರೂ ಸಾರ್ವಜನಿಕ ಸಭೆಯಲ್ಲಿ ಅವರನ್ನು ಗೌರವಿಸಿದರು.

1896ರ ನಂತರ ಮುಂಬೈ ಪ್ರಾಂತ್ಯದಲ್ಲಿ ಪ್ಲೇಗ್ ಹರಡಿತು. ಆ ಗಡಿಬಿಡಿಯ ಕಾಲದಲ್ಲಿ ಬಾಲೂ ಮುಂಬೈಗೆ ಹೋದರು. ಸ್ವಲ್ಪ ಕಾಲ ಸೈನ್ಯದ ದಳವೊಂದರಲ್ಲಿ ಇದ್ದು, ನಂತರ ಬಾಂಬೆ ಬರೋಡಾ ಮತ್ತು ಮಧ್ಯ ಭಾರತ ರೈಲ್ವೆಯಲ್ಲಿ ಉದ್ಯೋಗಕ್ಕೆ ಸೇರಿ ಅದರ ತಂಡದಲ್ಲಿ ಆಡಿದರು. ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಕ್ಕೆ ಅವರನ್ನು ಸೇರಿಸಿಕೊಳ್ಳುವಾಗ ಪುಣೆಯಲ್ಲಿ ನಡೆದ ವಾದವೇ ಮತ್ತೊಮ್ಮೆ ನಡೆಯಿತು. ಇಲ್ಲಿಯೂ ಅವರ ಬೌಲಿಂಗ್ ಬಾಗಿಲು ತೆರೆಯಿತು. ತಮ್ಮ ಶಿವರಾಮ್ ಕೂಡ ಅಲ್ಲಿಗೆ ಬಂದರು. ಮುಂದೆ ಗಣಪತ್ ಮತ್ತು ವಿಠಲ್ ಎಂಬ ಇನ್ನಿಬ್ಬರು ಸಹೋದರರೂ ಹಿಂದೂ ತಂಡಕ್ಕೆ ಆಡಿದರು. ಒಂದೇ ಮನೆಯ ನಾಲ್ವರು!

1906ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಿಂದೂ ತಂಡಕ್ಕೂ ಪ್ರೆಸಿಡೆನ್ಸಿಯ ಯುರೋಪಿಯನ್ ತಂಡಕ್ಕೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ರನ್ ಗಳಿಸಿದರು. ಯುರೋಪಿಯನ್ನರು 191 ಮತ್ತು 102ಕ್ಕೆ ಔಟಾದರು. 109 ರನ್ನುಗಳ ಜಯ. ಕೊನೆಯ ಸರದಿಯಲ್ಲಿ ಎದುರಾಳಿಗಳ ಬೆನ್ನುಮೂಳೆ ಮುರಿದದ್ದು ಬಾಲೂ ಅವರ ಎಸೆತ. ಹಿಂದಿನ ವರ್ಷವಷ್ಟೇ ಜಪಾನ್ ರಷ್ಯಾವನ್ನು ಯುದ್ಧದಲ್ಲಿ ಸೋಲಿಸಿದ್ದರಿಂದ, ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಈ ಸುದ್ದಿಗೆ ದೇಶದಲ್ಲೆಲ್ಲ ವಿಶೇಷ ಮಹತ್ವ ಬಂದಿತು. ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆಯು, ಜಾತಿಯನ್ನು ಬದಿಗಿಟ್ಟು ಈ ಸಹೋದರರನ್ನು ಸೇರಿಸಿಕೊಂಡದ್ದರಿಂದಲೇ ಗೆಲುವು ಬಂತು, ದೇಶ ಇದರಿಂದ ಪಾಠ ಕಲಿಯಲಿ ಎಂಬ ಅಭಿಪ್ರಾಯವನ್ನು ಪ್ರಕಟಿಸಿತು.

ಇನ್ನು 1911ರ ಇಂಗ್ಲೆಂಡ್ ಪ್ರವಾಸಕ್ಕೆ ಬರೋಣ. ಇಡೀ ಭಾರತವನ್ನು ಪ್ರತಿನಿಧಿಸಿ ಹೋದ ಮೊದಲ ತಂಡ ಅದು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ನಾಯಕರು. ಉಳಿದಂತೆ ಪಾರ್ಸಿಗಳು, ಹಿಂದೂಗಳು ಮತ್ತು ಮೂವರು ಮುಸ್ಲಿಮರು ಆಯ್ಕೆಯಾದರು. ಶಫ್ಖತ್ ಹುಸೇನ್, ಸೈಯದ್ ಹಸನ್ ಮತ್ತು ಸಲಾಮುದ್ದೀನ್ ಎಂಬ ಆ ಮೂವರೂ ಅಲಿಗಢದ ಕ್ರಿಕೆಟ್‌ನಿಂದ ಬಂದವರು. ಸರ್ ಸೈಯದ್ ಅಹ್ಮದ್ ಖಾನ್ ಅವರು ಕಟ್ಟಿದ ಕಾಲೇಜಿನಲ್ಲಿ ಓದಿನಷ್ಟೇ ಶ್ರದ್ಧೆಯಿಂದ ಕ್ರಿಕೆಟ್ ಆಡಿಸುತ್ತಿದ್ದರು ಎಂಬುದನ್ನು ನಮ್ಮ ಸಂಘದ ಸದಸ್ಯರು ಸಂತೋಷದಿಂದ ಗಮನಿಸಬಹುದು. ಆಟ ಆಡಿದರೆ ಮಾರ್ಕ್ಸ್ ಕಡಿಮೆಯಾಗುತ್ತದೆ ಎಂದು ಮಕ್ಕಳನ್ನು ಮೈದಾನದಿಂದ ಎಳೆದೊಯ್ಯುವ ಪಾಲಕರೂ ಗಮನಿಸಬಹುದು! ನಮ್ಮ ಬೆಂಗಳೂರಿನ ಬಿ. ಜಯರಾಂ ಕೂಡ ಆ ತಂಡದಲ್ಲಿದ್ದರು. ಬಾಲೂ ಮತ್ತು ಶಿವರಾಮ್ ಇಬ್ಬರೂ ಹೊರಟರು. ಪಿಚ್ ಗುಡಿಸುತ್ತಿದ್ದವನು ಮಹಾರಾಜನ ತಂಡದ ಮುಖ್ಯ ಬೌಲರ್ ಆಗಿ ಹಡಗು ಹತ್ತಿದ್ದು ಅವರ 35ನೆಯ ವಯಸ್ಸಿನಲ್ಲಿ.

ಪ್ರವಾಸ ಚೆನ್ನಾಗಿ ನಡೆಯಲಿಲ್ಲ. ಆ ವರ್ಷ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ಮಹಾರಾಜರು ಆಟಕ್ಕಿಂತ ಔತಣಗಳಲ್ಲಿ ಹೆಚ್ಚು ಕಾಣಿಸಿಕೊಂಡರು, ತಂಡದ ಉತ್ತಮ ಬ್ಯಾಟ್ಸ್‌ಮನ್ ಕೆ. ಎಂ. ಮಿಸ್ತ್ರಿಯವರನ್ನೂ ತಮ್ಮ ಸೇವೆಗೆ ಉಳಿಸಿಕೊಂಡರು. ತಂಡ ಒಂದರ ಮೇಲೊಂದು ಪಂದ್ಯ ಸೋತಿತು. ಆ ಸೋಲುಗಳ ನಡುವೆಯೂ ಬಾಲೂ ಎಸೆಯುತ್ತಲೇ ಇದ್ದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್ನಿಗೆ 8 ವಿಕೆಟ್. ಲಾರ್ಡ್ಸ್‌ನಲ್ಲಿ ಎಂ.ಸಿ.ಸಿ. ವಿರುದ್ಧ 96ಕ್ಕೆ 4. ಕೊನೆಗೂ ಲೀಸೆಸ್ಟರ್‌ಷೈರ್ ಕೌಂಟಿಯ ಮೇಲೆ ಮೊದಲ ದೊಡ್ಡ ಜಯ ಸಿಕ್ಕಿತು. ಅಲ್ಲಿ ಬಾಲೂ ಎರಡೂ ಸರದಿ ಸೇರಿ 11 ವಿಕೆಟ್ ಉರುಳಿಸಿದರು. ಸಾಮರ್ಸೆಟ್ ವಿರುದ್ಧ ಕೇವಲ ಒಂದು ವಿಕೆಟ್ ಉಳಿದಿರುವಾಗ ಗೆದ್ದ ಪಂದ್ಯದಲ್ಲಿ ಶಿವರಾಮ್ ಔಟಾಗದೆ 113 ರನ್ ಹೊಡೆದರು. ಅಣ್ಣನಿಗೆ ಬ್ಯಾಟ್ ಹಿಡಿಯಲು ಕೊಡದಿದ್ದ ಕ್ಲಬ್ಬಿನ ಸಾಹೇಬರು ಪತ್ರಿಕೆಯಲ್ಲಿ ಇದನ್ನು ಓದಿದರೋ ಇಲ್ಲವೋ! ಇಡೀ ಪ್ರವಾಸದಲ್ಲಿ ಬಾಲೂ ಪಡೆದ ವಿಕೆಟ್‌ಗಳು 114, ಸರಾಸರಿ 18.84. ಅವರ ಹತ್ತಿರಕ್ಕೂ ಬೇರೆ ಬೌಲರ್ ಬರಲಿಲ್ಲ.

ಮುಂಬೈಗೆ ಮರಳಿದಾಗ ಅಸ್ಪೃಶ್ಯರೆನಿಸಿಕೊಂಡ ಜನರೇ ಸೇರಿ ಅವರಿಗೆ ಸನ್ಮಾನ ಏರ್ಪಡಿಸಿದರು. ಆ ಸಮಾರಂಭದ ಮಾನಪತ್ರವನ್ನು ಬರೆದುಕೊಟ್ಟವರು ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್. ಆ ಯುವಕನಿಗೆ ಬಾಲೂ ಎಂದರೆ ಆದರ್ಶ ವ್ಯಕ್ತಿ.

ಮುಂದಿನ ವರ್ಷ, 1912ರಲ್ಲಿ ಮುಸ್ಲಿಂ ತಂಡವೂ ಸೇರಿ ಮುಂಬೈಯ ತ್ರಿಕೋನ ಪಂದ್ಯಾವಳಿ ಚತುಷ್ಕೋನ ಪಂದ್ಯಾವಳಿಯಾಯಿತು. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವ ಈ ಪದ್ಧತಿಯನ್ನು ಗಾಂಧೀಜಿಯವರು 1940ರಲ್ಲಿ ಆಕ್ಷೇಪಿಸಿದರು, 1946ರ ಹೊತ್ತಿಗೆ ಅದು ನಿಂತೂಹೋಯಿತು. ನಿಂತದ್ದೇ ಒಳ್ಳೆಯದಾಯಿತು. ಆದರೆ ಬಾಲೂ ಅವರ ಕಾಲದಲ್ಲಿ ಭಾರತೀಯ ಆಟಗಾರನಿಗೆ ಅದಕ್ಕಿಂತ ದೊಡ್ಡ ವೇದಿಕೆ ಇರಲಿಲ್ಲ.

ಆ ವೇದಿಕೆಯಲ್ಲಿ ಬಾಲೂ ಅವರಿಗೆ ಸಿಗದೇ ಹೋದದ್ದು ಒಂದು: ನಾಯಕತ್ವ. ಅನುಭವದಲ್ಲಿ, ವಿಕೆಟ್‌ಗಳಲ್ಲಿ, ನಡತೆಯಲ್ಲಿ ಅವರಿಗಿಂತ ಹಿರಿಯರು ಹಿಂದೂ ತಂಡದಲ್ಲಿ ಇರಲಿಲ್ಲ. 1910ರಿಂದ 1920ರವರೆಗೆ ವರ್ಷ ವರ್ಷವೂ ಅವರ ಹೆಸರು ಚರ್ಚೆಗೆ ಬರುತ್ತಿತ್ತು, ವರ್ಷ ವರ್ಷವೂ ಆಯ್ಕೆದಾರರು ಇನ್ನೊಬ್ಬರನ್ನು ಆರಿಸುತ್ತಿದ್ದರು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರು ತಮಗೆ ಏರ್ಪಡಿಸಿದ ಸತ್ಕಾರಕೂಟದಲ್ಲಿಯೇ, ಈ ಗೌರವ ಹಿರಿಯರಾದ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಒಪ್ಪಿಕೊಂಡರು. ಒಳ್ಳೆಯ ಮಾತು. ಆದರೂ ನಾಯಕತ್ವ ಬಾಲೂ ಅವರಿಗೆ ಬರಲಿಲ್ಲ.

1920ರಲ್ಲಿ ವಿಷಯ ಕೊನೆಗೂ ಹೊರಗೆ ಬಿದ್ದಿತು. ಆ ವರ್ಷ 44 ವಯಸ್ಸಿನ ಬಾಲೂ ಅವರನ್ನು ಮೊದಲು ತಂಡದಿಂದಲೇ ಕೈಬಿಡಲಾಯಿತು. ಪೈ ಅವರು ಅಸ್ವಸ್ಥರಾದಾಗ ನಾಯಕತ್ವವನ್ನು ಬಾಲೂ ಅವರ ತಮ್ಮ ವಿಠಲ್ ಅವರಿಗೆ ಕೊಡುವ ಬದಲು, ಅವರಿಗಿಂತ ಕಿರಿಯರಾದ ಡಿ. ಬಿ. ದೇವಧರ್ ಅವರಿಗೆ ಕೊಟ್ಟರು. ಶಿವರಾಮ್ ಮತ್ತು ವಿಠಲ್ ಸಹಿಸಲಿಲ್ಲ. ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂದು ಬಹಿರಂಗ ಹೇಳಿಕೆ ಕೊಟ್ಟು ತಂಡದಿಂದ ಹೊರಬಂದರು. ಮಣ್ಣಿನ ಕುಡಿಕೆಯಲ್ಲಿ ಮೌನವಾಗಿ ಚಹಾ ಕುಡಿದ ಅಣ್ಣನ ತಮ್ಮಂದಿರು ಇವರು. ಆ ಮೌನ ತಪ್ಪೆಂದು ನಾನು ಹೇಳಲಾರೆ. 1890ರ ದಶಕದಲ್ಲಿ ಬಾಲೂ ಸಿಟ್ಟಿನಿಂದ ಚೆಂಡು ಕೆಳಗಿಟ್ಟಿದ್ದರೆ ಅವರನ್ನು ಕರೆದು ತರಲು ಯಾರೂ ಬರುತ್ತಿರಲಿಲ್ಲ. 1920ರಲ್ಲಿ ತಮ್ಮಂದಿರು ಹೊರಬಂದಾಗ ಇಡೀ ಮುಂಬೈ ಮಾತನಾಡಿತು. ಅವರ ಜಾಗ ತುಂಬಲು ಬೇರೆಯವರಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅದನ್ನು ಗೊತ್ತು ಮಾಡಿಸಿದ್ದು ಅಣ್ಣನ ಇಪ್ಪತ್ತೈದು ವರ್ಷದ ಬೌಲಿಂಗ್.

ಕೊನೆಗೆ ರಾಜಿಯಾಯಿತು. ಪೈ ಗುಣವಾಗಿ ಬಂದು ನಾಯಕರಾದರು, ಸಹೋದರರು ಮರಳಿದರು, ಬಾಲೂ ಅವರನ್ನು ತಂಡಕ್ಕೆ ತೆಗೆದುಕೊಂಡು ಉಪನಾಯಕರನ್ನಾಗಿ ಮಾಡಲಾಯಿತು. ಪಂದ್ಯದ ನಡುವೆ ಪೈ ಅವರು ಮೈದಾನ ಬಿಟ್ಟು ಹೊರಗೆ ಹೋದರು. ಸ್ವಲ್ಪ ಹೊತ್ತು ಹಿಂದೂ ತಂಡವನ್ನು ಬಾಲೂ ನಡೆಸಿದರು. ಅವರ ಪಾಲಿಗೆ ಬಂದ ನಾಯಕತ್ವ ಅಷ್ಟೇ.

1923ರಲ್ಲಿ ವಿಠಲ್ ನಾಯಕರಾದರು, ಯಾರೂ ಅಡ್ಡಿಪಡಿಸಲಿಲ್ಲ. ಆ ವರ್ಷ ಅವರ ತಂಡ ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಪಂದ್ಯಾವಳಿ ಗೆದ್ದಾಗ ಜನ ಮೈದಾನಕ್ಕೆ ನುಗ್ಗಿ ವಿಠಲ್ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹೊತ್ತವರಲ್ಲಿ ಮೇಲುಜಾತಿಯವರೂ ಇದ್ದರು. ಮರುವರ್ಷ ಮುಸ್ಲಿಂ ತಂಡ ಇದೇ ಪಂದ್ಯಾವಳಿಯನ್ನು ಗೆದ್ದುಕೊಂಡಿತು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ವಿಠಲ್ 1948ರಲ್ಲಿ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಪುಸ್ತಕ ಬರೆದರು. ಈ ಸಹೋದರರ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಬಹಳಷ್ಟು ಆ ಪುಸ್ತಕದಿಂದ ಬಂದದ್ದು. 2002ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಚರಿತ್ರೆ ಬರೆದಾಗ ಅದನ್ನು ಹುಡುಕಿ ಬಳಸಿಕೊಂಡರು. ವಿಠಲ್ ಬರೆದಿಡದೇ ಹೋಗಿದ್ದರೆ ಅಣ್ಣನ ಎಷ್ಟೋ ಸಂಗತಿಗಳು ಕಳೆದುಹೋಗುತ್ತಿದ್ದವು.

ಆಟದ ನಂತರ ಬಾಲೂ ಸಾರ್ವಜನಿಕ ಜೀವನಕ್ಕೆ ಬಂದರು. ಇಲ್ಲಿ ಅವರ ದಾರಿ ಮತ್ತು ಅಂಬೇಡ್ಕರರ ದಾರಿ ಬೇರೆಯಾಯಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರರು ವಾದಿಸಿದರು, ಬಾಲೂ ಅದನ್ನು ಒಪ್ಪಲಿಲ್ಲ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತಾಗ, ಮದರಾಸಿನ ಎಂ. ಸಿ. ರಾಜಾ ಅವರ ಜೊತೆಗೂಡಿ ಅಂಬೇಡ್ಕರರನ್ನು ಒಪ್ಪಂದಕ್ಕೆ ಒಲಿಸಲು ಶ್ರಮಿಸಿದರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. 1937ರಲ್ಲಿ ಮುಂಬೈ ವಿಧಾನಸಭೆಯ ಚುನಾವಣೆಗೆ ಕಾಂಗ್ರೆಸ್ಸು ಅಂಬೇಡ್ಕರರ ವಿರುದ್ಧವೇ ಅವರನ್ನು ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು ಬಂದವು, ಬಾಲೂ ಅವರಿಗೆ 11,225. ಯಾರಿಗೆ ಮಾನಪತ್ರ ಬರೆದಿದ್ದರೋ ಅವರನ್ನೇ ಎದುರಿಸಿ ಗೆಲ್ಲಬೇಕಾಗಿ ಬಂದದ್ದು ಅಂಬೇಡ್ಕರರಿಗೂ ಸಂತೋಷದ ವಿಷಯವಾಗಿರಲಾರದು. ಯಾರ ನಿಲುವು ಸರಿ ಎಂದು ವಿದ್ಯಾರ್ಥಿಗಳು ಕೇಳಿದರೆ, ಇಬ್ಬರ ಬದುಕನ್ನೂ ಪೂರ್ತಿ ಓದಿ ಆಮೇಲೆ ಚರ್ಚಿಸೋಣ ಎನ್ನುತ್ತೇನೆ. ಒಬ್ಬರು ಜೊತೆಯಲ್ಲಿ ಆಡಿ ಬದಲಾವಣೆ ತರಬಹುದೆಂದು ತಮ್ಮ ಅನುಭವದಿಂದ ನಂಬಿದ್ದರು. ಇನ್ನೊಬ್ಬರು ಅಷ್ಟಕ್ಕೇ ಕಾಯಲು ತಯಾರಿರಲಿಲ್ಲ.

ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್‌ನಲ್ಲಿ ಆಡಿದ್ದು 1932ರ ಜೂನ್‌ನಲ್ಲಿ. ಆಗ ಬಾಲೂ ಅವರಿಗೆ 56 ವರ್ಷ. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರು ಸಿಗುವುದಿಲ್ಲ. ಪ್ರಥಮ ದರ್ಜೆಯ ದಾಖಲೆಯಲ್ಲಿ ಸಿಗುತ್ತದೆ: 33 ಪಂದ್ಯ, 179 ವಿಕೆಟ್, ಸರಾಸರಿ 15.21. ಪೂನಾ ಕ್ಲಬ್ಬಿನ ನೆಟ್ಟಿನಲ್ಲಿ ಪಡೆದ ವಿಕೆಟ್‌ಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. 1955ರ ಜುಲೈ 4ರಂದು ಬಾಲೂ ಮುಂಬೈಯಲ್ಲಿ ತೀರಿಕೊಂಡರು.